ಹಿಂದಿನ ಚಾಪೆ

1947ರ ಡಿಸೆಂಬರಿನಲ್ಲಿ ನಾನು ಆಳಂದದಿಂದ ಅಫಜಲಪುರಕ್ಕೆ ಸೊಸೆಯಾಗಿ ಬಂದೆ. ದೇಶಕ್ಕೆಲ್ಲ ಆಗಸ್ಟಿನಲ್ಲೇ ಸ್ವಾತಂತ್ರ್ಯ ಬಂದಿತ್ತು. ನಮ್ಮದು ನಿಜಾಮರ ಸೀಮೆ, ನಮಗಿನ್ನೂ ಬಂದಿರಲಿಲ್ಲ. ಮಾದನಹಿಪ್ಪರಗಾದ ಹತ್ತಿರ ಬಂಡಿ ನಿಲ್ಲಿಸಿ ಬುತ್ತಿ ಬಿಚ್ಚಿದಾಗ, ನನ್ನ ತಾಯಿ ನನ್ನ ಎರಡೂ ಕೈ ಹಿಡಿದು, ಹಸಿರು ಬಳೆಗಳ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿದ್ದು ನೆನಪಿದೆ. ಆ ಬಳೆಗಳು ಅಂದು ಸಂಜೆಯವರೆಗೂ ನನ್ನ ಕೈಯಲ್ಲಿ ಉಳಿಯಲಿಲ್ಲ.

ನಾವು ಕ್ರೈಸ್ತರು. ನನ್ನ ತಂದೆ ಆಳಂದದ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದರು, ಭಾನುವಾರ ಮಿಷನ್ ಚರ್ಚಿಗೆ ಹೋಗುತ್ತಿದ್ದರು. ನನ್ನನ್ನು ಸೊಲ್ಲಾಪುರದ ಒಂದು ರೋಮನ್ ಕ್ಯಾಥೊಲಿಕ್ ಕಾನ್ವೆಂಟಿನಲ್ಲಿ ಓದಿಸಿದ್ದರು. ಗಂಡನ ಮನೆಯವರೂ ಕ್ರೈಸ್ತರೇ. ಆದರೆ ಅವರ ದಾರಿ ಬೇರೆ. ಮಿಷನ್ನಿನವರು ಲೋಕದ ಜೊತೆ ಕೂಡಿಕೊಂಡು ಕೆಟ್ಟರು ಎಂದು ಹೇಳಿ, ಕೆಲವು ಮನೆಗಳವರು ಬೇರೆಯಾಗಿ ಕಟ್ಟಿಕೊಂಡ ಚಿಕ್ಕ ಸಭೆ ಅದು. ಚರ್ಚು ಇಲ್ಲ, ಗಂಟೆ ಇಲ್ಲ, ಪಾದ್ರಿ ಇಲ್ಲ. ಭಾನುವಾರ ಬೆಳಿಗ್ಗೆ ನಮ್ಮ ಮನೆಯ ಪಡಸಾಲೆಯಲ್ಲೇ ಎಲ್ಲರೂ ಸೇರುತ್ತಿದ್ದರು. ಸ್ವರ್ಗಕ್ಕೆ ಹೋಗುವವರು ಆ ಪಡಸಾಲೆಯಲ್ಲಿ ಕುಳಿತವರು ಮಾತ್ರ ಎಂದು ಅವರ ನಂಬಿಕೆ. ಮದುವೆಗೆ ಮುಂಚೆ ಇದೆಲ್ಲ ನಮಗೆ ಅಷ್ಟಾಗಿ ತಿಳಿದಿರಲಿಲ್ಲ. ಹುಡುಗ ಜೇವರ್ಗಿಯಲ್ಲಿ ಮಾಸ್ತರ, ಮೆತ್ತಗಿನ ಸ್ವಭಾವ, ಕುಡಿಯುವುದಿಲ್ಲ ಎಂದಷ್ಟೇ ನನ್ನ ತಂದೆ ನೋಡಿದ್ದರು.

ಹೊಸ್ತಿಲು ದಾಟಿದ ಕೂಡಲೇ ಅತ್ತೆ ಸುಂದರಮ್ಮನವರು ನನ್ನನ್ನು ಬಚ್ಚಲಿಗೆ ಕರೆದುಕೊಂಡು ಹೋದರು. ಅವರು ವಿಧವೆ, ತೆಳ್ಳಗಿನ ಮೈ, ಕಡಿಮೆ ಮಾತು. "ಬಳಿ ತಗೀಬೇಕಾಗ್ತದವ್ವ. ನಮ್ಮ ಸಭಾದಾಗ ಬಳಿ, ಹೂವ, ಓಲಿ ಏನೂ ಇಲ್ಲ" ಎಂದರು. ಸಾಬೂನು ಹಚ್ಚಿ, ಒಂದೂ ಒಡೆಯದಂತೆ, ಒಂದೊಂದಾಗಿ ತೆಗೆದರು. ತೆಗೆದಾದ ಮೇಲೂ ನನ್ನ ಬರಿಯ ಮಣಿಕಟ್ಟನ್ನು ಸ್ವಲ್ಪ ಹೊತ್ತು ಹಿಡಿದೇ ನಿಂತಿದ್ದರು.

ಅಂದೇ ಊಟಕ್ಕೆ ಮುಂಚೆ ಕಾನ್ವೆಂಟಿನ ರೂಢಿಯಂತೆ ನನ್ನ ಕೈ ತಾನಾಗಿಯೇ ಹಣೆಗೆ, ಎದೆಗೆ ಹೋಗಿ ಶಿಲುಬೆಯ ಗುರುತು ಮಾಡಿತು. ಸಭೆಯ ಹಿರಿಯರಾದ ಸಮುವೇಲಪ್ಪನವರು ಎದುರಿಗೇ ಕುಳಿತಿದ್ದರು. ಅವರು ಅರಳೆ ವ್ಯಾಪಾರಿಗಳು, ಎತ್ತರದ ಆಳು, ಹಾಡಿದರೆ ಕಂಚಿನ ಕಂಠ. ಯಾರ ಮನೆಯಲ್ಲಿ ಕಾಯಿಲೆಯಾದರೂ ಹೋಗಿ ತಲೆದೆಸೆಯಲ್ಲಿ ಕುಳಿತುಕೊಳ್ಳುತ್ತಿದ್ದರು; ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. ನನ್ನ ಕೈ ನೋಡಿ, "ಇನ್ನೂ ರೋಮಿನ ವಾಸನಿ ಹೋಗಿಲ್ಲ. ತಂಗಿ ಕೆಲವು ದಿನ ಹಿಂದ ಕುಂತು ಕಲೀಲಿ" ಎಂದರು.

ಹೀಗೆ ನನಗೆ ಹಿಂದಿನ ಚಾಪೆ ಸಿಕ್ಕಿತು. ಪಡಸಾಲೆಯಲ್ಲಿ ಸಭೆಗೆ ಸೇರಿದವರಿಗೆ ಜಮಖಾನೆ ಹಾಸಿರುತ್ತಿತ್ತು. ಎಡಕ್ಕೆ ಗಂಡಸರು, ಬಲಕ್ಕೆ ಹೆಂಗಸರು, ನಡುವೆ ಮೇಜು, ಮೇಜಿನ ಮೇಲೆ ಬಿಳಿಬಟ್ಟೆ ಮುಚ್ಚಿದ ಗೋಧಿ ರೊಟ್ಟಿ, ಒಣದ್ರಾಕ್ಷಿ ನೆನೆಸಿ ಹಿಂಡಿದ ರಸ. ಕರ್ತನ ಕಡೆಯ ಊಟದ ನೆನಪಿಗೆ ಹಂಚುವ ಇದನ್ನು ಅವರು 'ಮೇಜು' ಎಂದೇ ಕರೆಯುತ್ತಿದ್ದರು. ಸೇರದವರಿಗೆ ಹಿತ್ತಲ ಬಾಗಿಲ ಹತ್ತಿರ ಈಚಲ ಚಾಪೆ. ಜಮಖಾನೆಗೂ ಚಾಪೆಗೂ ನಡುವೆ ಒಂದು ಮೊಳ ಬರಿಯ ನೆಲ. ರೊಟ್ಟಿಯ ತಟ್ಟೆ ಕೈಯಿಂದ ಕೈಗೆ ದಾಟುತ್ತ ಆ ಬರಿನೆಲದವರೆಗೆ ಬರುತ್ತಿತ್ತು, ಅಲ್ಲಿಂದ ತಿರುಗಿ ಹೋಗುತ್ತಿತ್ತು. ಚಾಪೆಯ ಮೇಲೆ ಬಹಳ ಸಲ ನಾನೊಬ್ಬಳೇ. ಸುಟ್ಟ ಗೋಧಿಯ ವಾಸನೆ ಮಾತ್ರ ನನ್ನವರೆಗೂ ಬರುತ್ತಿತ್ತು.

ಹೆಂಗಸರು ಸಭೆಯಲ್ಲಿ ಹಾಡಬಹುದು, ಮಾತಾಡಬಾರದು. ಎಲ್ಲರೂ ತಲೆಯ ಮೇಲೆ ಒಂದೇ ಥರದ ಬಿಳಿಯ ಮುಸುಕು ಹೊದ್ದುಕೊಳ್ಳಬೇಕು. ಆ ಮುಸುಕುಗಳನ್ನು ಶನಿವಾರ ಒಗೆದು ನೀಲಿ ಹಾಕಿ ಮಡಿಸಿ ಗೋಡೆಯ ಗೂಡಿನಲ್ಲಿ ಇಡುವುದು ನನ್ನ ಕೆಲಸ. ಹೊರಗಿನವರ ಮನೆಯಲ್ಲಿ ಉಣ್ಣುವಂತಿಲ್ಲ, ಹೊರಗಿನವರನ್ನು ಕೂಡಿಸಿಕೊಂಡು ಉಣ್ಣುವಂತಿಲ್ಲ. ಹೊರಗಿನವರೆಂದರೆ ಸಭೆಗೆ ಸೇರದ ಎಲ್ಲರೂ. ನನ್ನ ತಂದೆ ಸಂಕ್ರಾಂತಿಯ ಹೊತ್ತಿಗೆ ನನ್ನನ್ನು ನೋಡಲು ಬಂದಾಗ ಅವರಿಗೆ ಹೊರಗಿನ ಕಟ್ಟೆಯ ಮೇಲೆ ಬೇರೆ ತಾಟು ಕೊಟ್ಟರು. ತಂದೆ ನಗುನಗುತ್ತ ಉಂಡು, "ಹುರುಳಿ ಭಾಳ ರುಚಿ ಆಗೇದ" ಎಂದರು. ತಾಟನ್ನು ತಾವೇ ತೊಳೆದಿಟ್ಟು ಹೋದರು.

ನಮ್ಮ ಹಿತ್ತಲ ಗೋಡೆಯ ಆಚೆಗೆ ಬಳೆಗಾರ ಮೌಲಾಸಾಬರ ಮನೆ. ಅವರ ಹೆಂಡತಿ ಚಾಂದಬಿ, ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಮೆಹಬೂಬಿ, ಚಿಕ್ಕವಳನ್ನು ಗುಡ್ಡಿ ಎನ್ನುತ್ತಿದ್ದರು. ಎರಡೂ ಮನೆಗೆ ಒಂದೇ ಬಾವಿ. ಚಾಂದಬಿ ನನ್ನ ಅತ್ತೆಯನ್ನು ಚಿಕ್ಕಮ್ಮನನ್ನು ಕರೆಯುವ ಹಾಗೆ 'ಖಾಲಾ' ಎಂದೇ ಕರೆಯುತ್ತಿದ್ದಳು. ಬಳೆ ಪೋಣಿಸಿದ ಮಲಾರವನ್ನು ಹೆಗಲ ಮೇಲೆ ಹಾಕಿಕೊಂಡು ಓಣಿಗೆ ಹೊರಟಾಗಲೆಲ್ಲ ಬಾವಿಯ ಹತ್ತಿರ ನಿಂತು ಚೇಷ್ಟೆ ಮಾಡುತ್ತಿದ್ದಳು.

"ಊರ ಮಂದೀ ಕೈಯೆಲ್ಲಾ ತುಂಬತೇನಿ, ನನ್ನ ಮಗ್ಗಲ ಮನಿ ಕೈನ ಖಾಲಿ ನೋಡ್ರಿ ಖಾಲಾ. ಊರಾಗ ಎಲ್ಲಾರೂ ನಿಮ್ಮ ಸಭಾಕ್ಕ ಸೇರಿದರ ನಾ ಉಪಾಸ ಸಾಯ್ತೇನಿ."

"ನಮ್ಮ ಸಭಾಕ್ಕ ಎಲ್ಲಾರನೂ ಎಲ್ಲಿ ಸೇರಸ್ಕೋತಾರಬೇ? ನೀ ಉಪಾಸ ಬೀಳೂದಿಲ್ಲ, ಹೋಗು" ಎನ್ನುತ್ತಿದ್ದರು ಅತ್ತೆ.

1948ರ ಬೇಸಿಗೆಯಲ್ಲಿ, ನಿಜಾಮರ ಪರ ನಿಂತ ಮುಸಲ್ಮಾನರ ದಂಡಾದ ರಜಾಕಾರರ ಹಾವಳಿ ಜೋರಾಯಿತು. ಮನೆ ಹೊಕ್ಕು ಕಾಳು ಕಡಿ ಒಯ್ಯುತ್ತಿದ್ದರು, ಎದುರು ಮಾತಾಡಿದವರನ್ನು ಹೊಡೆಯುತ್ತಿದ್ದರು. ಅನೇಕರು ಗಡಿ ದಾಟಿ ಸೊಲ್ಲಾಪುರದ ಕಡೆ ಹೋದರು. ಒಮ್ಮೆ ಅವರು ನಮ್ಮ ಓಣಿಗೇ ಬರುತ್ತಾರೆಂಬ ಸುದ್ದಿ ಬಂದಾಗ ಮೌಲಾಸಾಬರು ತಾವಾಗಿ ಬಂದು ಅತ್ತೆಯನ್ನೂ ನನ್ನನ್ನೂ ತಮ್ಮ ಮನೆಗೆ ಕರೆದರು. ನಾವು ಹೋದಾಗ ಒಳಕೋಣೆಯಲ್ಲಿ ಸಮುವೇಲಪ್ಪನವರು ಹೆಂಡತಿ, ಟ್ರಂಕಿನ ಸಮೇತ ಆಗಲೇ ಕುಳಿತಿದ್ದರು. ನಮ್ಮನ್ನು ಕಂಡು ಟ್ರಂಕಿನ ಮೇಲೆ ಪಂಚೆ ಎಳೆದುಕೊಂಡರು.

ರಜಾಕಾರರು ಬಂದಾಗ ಮೌಲಾಸಾಬರು ಹೊಸ್ತಿಲ ಮೇಲೆ ನಿಂತು, "ಒಳಗ ಇರೋರೆಲ್ಲ ನಮ್ಮವರ" ಎಂದರು. ಬಂದವರು ಒಳಗೆ ಇಣುಕಲೂ ಇಲ್ಲ. ಮರುದಿನ ಸಂಜೆಯವರೆಗೂ ನಾವು ಅಲ್ಲೇ ಇದ್ದೆವು. ಚಾಂದಬಿ ಜೋಳದ ರೊಟ್ಟಿ, ಪುಂಡಿಪಲ್ಯ ಕೊಟ್ಟಳು. ಸಮುವೇಲಪ್ಪನವರು ಎರಡನೆಯ ಸಲ ಪಲ್ಯ ಹಾಕಿಸಿಕೊಂಡರು.

ಮುಂದಿನ ಭಾನುವಾರ ಅವರು ಬಹಳ ಹೊತ್ತು ಪ್ರಾರ್ಥಿಸಿದರು. ಕಾಣದ ಕೈಯೊಂದು ನಮ್ಮನ್ನು ಕಾಯಿತು ಎಂದರು. ಹೊಸ್ತಿಲ ಮೇಲೆ ಅಡ್ಡ ಚಾಚಿದ್ದ ಮೌಲಾಸಾಬರ ಕೈ ನನ್ನ ಕಣ್ಣಿಗೆ ಚೆನ್ನಾಗಿಯೇ ಕಂಡಿತ್ತು. ಆದರೆ ಆ ಹೆಸರು ಪ್ರಾರ್ಥನೆಯಲ್ಲಿ ಬರಲಿಲ್ಲ.

ಸೆಪ್ಟೆಂಬರಿನಲ್ಲಿ ಭಾರತದ ಸೈನ್ಯ ಬಂತು. ಕೆಲವೇ ದಿನಗಳಲ್ಲಿ ನಿಜಾಮರು ಶರಣಾದರು. ಪೇಟೆಯಲ್ಲಿ ಪೇಡೆ ಹಂಚಿದರು, ಬಾವುಟ ಕಟ್ಟಿದರು. ಇನ್ನು ಹೆದರಿಕೆ ಮುಗಿಯಿತು ಎಂದುಕೊಂಡೆ. ಹೆದರಿಕೆ ಒಂದು ಮನೆಯಿಂದ ಎದ್ದು ಇನ್ನೊಂದು ಮನೆಗೆ ಹೋಗಿತ್ತು ಅಷ್ಟೇ. ರಜಾಕಾರರು ಮಾಡಿದ್ದಕ್ಕೆ, ಏನೂ ಮಾಡದ ಮುಸಲ್ಮಾನರ ಮೇಲೆ ಸೇಡು ತೀರಿಸಿಕೊಳ್ಳಲು ಗುಂಪುಗಳು ಹಳ್ಳಿ ಹಳ್ಳಿ ತಿರುಗುತ್ತಿವೆ ಎಂಬ ಸುದ್ದಿ ಬರತೊಡಗಿತು. ಮೌಲಾಸಾಬರು ಬಳೆ ಮಾರಲು ಗಾಣಗಾಪುರಕ್ಕೆ ಹೋದವರು ತಿರುಗಿ ಬಂದಿರಲಿಲ್ಲ. ಶಾಲೆಯ ಕೆಲಸಕ್ಕೆ ಹೋಗಿದ್ದ ನನ್ನ ಮನೆಯವರೂ ಜೇವರ್ಗಿಯಲ್ಲಿ ಸಿಕ್ಕಿಬಿದ್ದಿದ್ದರು. ಭೀಮೆ ತುಂಬಿ ಹರಿಯುತ್ತಿದ್ದಳು, ದೋಣಿ ನಿಂತಿತ್ತು. ಬಾವಿಯ ಹತ್ತಿರ ಚಾಂದಬಿಯೂ ನಾನೂ ತುಂಬಿದ ಕೊಡ ಕಟ್ಟೆಯ ಮೇಲೆ ಇಟ್ಟು ನಿಲ್ಲುತ್ತಿದ್ದೆವು. ಇಬ್ಬರ ಕಣ್ಣೂ ದಾರಿಯ ಕಡೆಗೇ.

ಆ ಭಾನುವಾರ ಬೆಳಿಗ್ಗೆ ಸಣ್ಣಗೆ ಜಿಟಿಜಿಟಿ ಮಳೆ. ಸಭೆ ಶುರುವಾಗಿತ್ತು. ಎರಡನೆಯ ಹಾಡಿನ ನಡುವೆ ನನ್ನ ಬೆನ್ನ ಹಿಂದಿನ ಬಾಗಿಲನ್ನು ಯಾರೋ ಉಗುರಿನಿಂದ ಕೆರೆದ ಹಾಗೆ ಕೇಳಿಸಿತು. ಚಾಪೆಯ ಮೇಲೆ ಕುಳಿತವಳಿಗೆ ಮಾತ್ರ ಕೇಳಿಸುವಂಥ ಸಪ್ಪಳ. ಕೂತಲ್ಲಿಂದಲೇ ಕೈ ಚಾಚಿ ಅಗಳಿ ತೆಗೆದೆ. ಚಾಂದಬಿ ನಿಂತಿದ್ದಳು, ಎರಡೂ ಮಕ್ಕಳನ್ನು ಅವುಚಿಕೊಂಡು. ಬರಿಗಾಲು, ಸೆರಗೆಲ್ಲ ಕೆಸರು.

"ಶಾಂತವ್ವಾ, ಬಂದ್ರು. ನನ್ನ ಮುಂಬಾಗ್ಲಾ ಮುರಿಯಾಕತ್ತಾರ. ಬಚ್ಚೇ... ಮಕ್ಕಳನ್ನರ ಒಳಗ ಕರ್ಕೋರಿ."

ನಾನು ಮೂವರನ್ನೂ ಒಳಗೆ ಎಳೆದುಕೊಂಡು ಅಗಳಿ ಹಾಕಿದೆ. ಹಾಡು ನಿಂತಿತು. ಸಮುವೇಲಪ್ಪನವರು ಮೇಜಿನ ಹಿಂದಿನಿಂದ ನೋಡಿದರು.

"ಶಾಂತಮ್ಮ, ಏನಿದು? ಇಲ್ಲಿ ಕರ್ತನ ಮೇಜು ಅದ. ಹೊರಗಿನವರು ಒಳಗ ಬರಂಗಿಲ್ಲ."

ಚಾಂದಬಿ ಕೈಮುಗಿದಳು. ಅವರು ಅವಳ ಮುಖ ನೋಡಲಿಲ್ಲ. "ಹಿತ್ತಲ್ದಾಗ ಕೊಟ್ಟಿಗಿ ಅದ, ಅಲ್ಲಿ ಕುಂಡ್ರಸ್ರಿ. ನಾವು ಅವರ ಸಲುವಾಗಿ ಪ್ರಾರ್ಥನಾ ಮಾಡ್ತೀವಿ" ಎಂದರು.

ಕೊಟ್ಟಿಗೆಗೆ ಬಾಗಿಲೇ ಇರಲಿಲ್ಲ. ಅದು ಅವರಿಗೂ ಗೊತ್ತಿತ್ತು.

ಆಗ ಜಮಖಾನೆಯ ಮೇಲಿಂದ ಅತ್ತೆ ಎದ್ದರು. ಆ ಬರಿನೆಲವನ್ನು ಅವರು ಸಭೆಯ ಹೊತ್ತಿನಲ್ಲಿ ದಾಟಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಗೂಡಿನಿಂದ ಮೂರು ಬಿಳಿ ಮುಸುಕು ತೆಗೆದುಕೊಂಡು ಬಂದು, ಮೆಹಬೂಬಿಗೆ ಒಂದು, ಗುಡ್ಡಿಗೆ ಒಂದು ಹೊದಿಸಿದರು. ಚಾಂದಬಿಯ ಕೆಸರು ಸೆರಗನ್ನು ಒಳಗೆ ಮಡಚಿ ಅವಳ ತಲೆಗೂ ಹೊದಿಸಿದರು. ಆಮೇಲೆ ಅವಳ ಕೈ ನೋಡಿದರು. ಮೊಣಕೈವರೆಗೆ ಬಳೆ. ನಮ್ಮ ಸಭೆಯ ಹೆಂಗಸರು ಬಳೆ ಹಾಕುವುದಿಲ್ಲ ಎನ್ನುವುದು ಊರಿಗೇ ಗೊತ್ತು.

"ಬಳಿ ತಗೀಬೇ" ಎಂದು ಪಿಸುಗುಟ್ಟಿದರು.

"ಖಾಲಾ, ಒಡೀಬ್ಯಾಡ್ರಿ. ಅವರಿನ್ನೂ ಊರಿಂದ ಬಂದಿಲ್ಲ..." ಚಾಂದಬಿ ಕೈ ಹಿಂದಕ್ಕೆ ಎಳೆದುಕೊಂಡಳು. ಬಳೆ ಒಡೆದರೆ ಗಂಡನಿಗೆ ಕೇಡು ಎಂದು ಅವಳ ಅಳುಕು.

"ಒಡಿಯಂಗಿಲ್ಲ. ಊರ ಮಂದೀಗೆ ಹಾಕಿ ತಗಿಯಾಕಿ ನೀನು. ನೀನ ತಗಿ."

ಹೆಂಗಸರ ಕೈಯನ್ನು ಹಿಂಡಿ ಮಡಿಚಿ ಕಣ್ಣು ಮುಚ್ಚಿ ತೆರೆಯುವುದರೊಳಗೆ ಬಳೆ ಏರಿಸುವ, ಇಳಿಸುವ ಆ ಕೈಗಳು ಅಂದು ಗಂಟುಗಂಟಾಗಿ ಬಿಗಿದುಕೊಂಡಿದ್ದವು. ಬಳೆಗಳು ಹೆಬ್ಬೆರಳ ಬುಡದಲ್ಲೇ ನಿಂತುಬಿಟ್ಟವು. ನಾನು ಗೂಡಿನ ದೀಪದೆಣ್ಣೆಯನ್ನು ಅವಳ ಕೈಗೆ ಸುರಿದೆ. ಹಿತ್ತಲ ಗೋಡೆಯ ಆಚೆ ಮಡಕೆ ಒಡೆಯುವ ಸದ್ದು, ಗಂಡಸರ ಕೂಗು ಕೇಳುತ್ತಿತ್ತು. ಅವಳು ತೆಗೆದು ತೆಗೆದು ನನ್ನ ಮಡಿಲಿಗೆ ಹಾಕಿದಳು. ಮಕ್ಕಳ ಬಳೆಗಳೂ ಬಂದವು. ಎಲ್ಲವನ್ನೂ ನನ್ನ ಉಡಿಯಲ್ಲಿ ಕಟ್ಟಿಕೊಂಡು, ಅದರ ಮೇಲೆ ಗುಡ್ಡಿಯನ್ನು ಕೂರಿಸಿಕೊಂಡೆ. ಒಂದೇ ಒಂದು ಬಳೆಯೂ ಒಡೆದಿರಲಿಲ್ಲ.

ಅತ್ತೆ ಜಮಖಾನೆಗೆ ಮರಳಿ ಕುಳಿತರು. ಅವರೇ ಹಾಡು ಎತ್ತಿಕೊಂಡರು. ಹೆಂಗಸರು ಒಬ್ಬೊಬ್ಬರಾಗಿ ದನಿಗೂಡಿಸಿದರು. ಗಂಡಸರ ಕಡೆಯಿಂದ ದನಿ ಬರಲಿಲ್ಲ. ಅಷ್ಟರಲ್ಲಿ ಬೀದಿಬಾಗಿಲನ್ನು ದಬದಬ ಬಡಿದರು.

ಯಾರೋ ತೆರೆದರು. ಲಾಠಿ, ಕೊಡಲಿ ಹಿಡಿದವರು ಹೊಸ್ತಿಲವರೆಗೆ ಬಂದರು. ಮೈಯಿಂದ ಮಳೆನೀರು ಇಳಿಯುತ್ತಿತ್ತು. ಮುಂದಿದ್ದವನು ಪರವೂರಿನವನು, ತಲೆಗೆ ಟವೆಲ್ ಸುತ್ತಿದ್ದ. ಅವರ ಹಿಂದೆ ಪೇಟೆಯಲ್ಲಿ ಬೆಲ್ಲ ಮಾರುವ ಶರಣಪ್ಪ ನಿಂತಿದ್ದ. ಅವನ ಕೈಯಲ್ಲಿ ಏನೂ ಇರಲಿಲ್ಲ, ಆದರೆ ಅವರ ಜೊತೆಗೆ ಇದ್ದ.

"ಬಳಿಗಾರ ಮೌಲ್ಯಾನ ಹೆಂಡ್ತಿ ಮಕ್ಕಳು ಈ ಕಡಿ ಬಂದಾರೇನು?" ಎಂದ ಟವೆಲ್ಲಿನವನು.

"ನಾವು ಪ್ರಾರ್ಥನಾದಾಗ ಇದ್ದೀವಿ" ಎಂದರು ಸಮುವೇಲಪ್ಪನವರು. ಹೌದೂ ಅಲ್ಲ, ಇಲ್ಲವೂ ಅಲ್ಲ. ಕೈಯಲ್ಲಿದ್ದ ಪುಸ್ತಕದ ಹಾಳೆ ಸಣ್ಣಗೆ ಪಟಪಟ ಎನ್ನುತ್ತಿತ್ತು.

ಗುಡ್ಡಿಗೆ ಕನ್ನಡ ಬರುತ್ತಿರಲಿಲ್ಲ, ಮನೆಯ ಉರ್ದು ಮಾತ್ರ. ಬಾಯಿ ತೆರೆದರೆ ಮುಗಿಯಿತು. ನನ್ನ ಮುಸುಕಿನ ತುದಿಯನ್ನು ಅವಳ ಬಾಯಿಗೆ ಕೊಟ್ಟೆ. ಅದನ್ನು ಜಗಿಯುತ್ತ ನನ್ನ ಎದೆಗೆ ಒತ್ತಿಕೊಂಡಳು. ನನ್ನ ಬಲಗೈ ಶಿಲುಬೆಯ ಗುರುತಿಗೆ ಏಳತೊಡಗಿತು. ಆ ಕೈಯನ್ನು ತೊಡೆಯ ಕೆಳಗೆ ಇಟ್ಟು ಅದರ ಮೇಲೆ ಕುಳಿತುಬಿಟ್ಟೆ. ಹಾಗೆ ಸರಿಯುವಾಗ ಉಡಿಯಲ್ಲಿನ ಬಳೆಗಳು ಕಿಣ್ ಎಂದವು.

ಟವೆಲ್ಲಿನವನು ಕತ್ತು ಎತ್ತಿದ. ಹಿಂದಿನ ಚಾಪೆಯ ಕಡೆಗೆ ನೋಡಿದ.

"ಹಿಂದ ಕುಂತವರು ಯಾರು? ನಿಮ್ಮವರೇನು?"

ಆ ಪ್ರಶ್ನೆಗೆ ಸಮುವೇಲಪ್ಪನವರೇ ಉತ್ತರ ಕೊಡಬೇಕು. ನನ್ನ ವಿಷಯದಲ್ಲಿ ಆ ಪ್ರಶ್ನೆ ಮದುವೆಯಾದಾಗಿನಿಂದ ಇತ್ತು. 'ಹೌದು, ನಮ್ಮವಳು' ಎಂದು ಅವರ ಬಾಯಿಂದ ಒಮ್ಮೆಯೂ ಬಂದಿರಲಿಲ್ಲ. ಈಗ ಮೂರು ಜೀವ ಆ ಒಂದು ಮಾತಿಗೆ ಕಾಯುತ್ತಿದ್ದವು. ಅವರು ಪುಸ್ತಕ ನೋಡುತ್ತ ನಿಂತರು. ಪಕ್ಕದಲ್ಲಿ ಚಾಂದಬಿಯ ಮಣಿಕಟ್ಟಿನಿಂದ ಎಣ್ಣೆ ಚಾಪೆಯ ಮೇಲೆ ತೊಟ್ಟಿಕ್ಕುತ್ತಿತ್ತು. ಅದು ಅವರಿಗೆ ಕಂಡರೆ ಏನು ಗತಿ ಎಂದು ಅದನ್ನೇ ನೋಡುತ್ತಿದ್ದೆ.

"ಎಲ್ಲಾರೂ ನಮ್ಮವರ!"

ಅತ್ತೆ ಎದ್ದು ನಿಂತಿದ್ದರು. ಸಭೆಯಲ್ಲಿ ಹೆಂಗಸಿನ ದನಿ. ಮುಂದಿನ ಸಾಲಿನ ಗಂಡಸರು ತಿರುಗಿ ನೋಡಿದರು.

"ಅಕಿ ನನ್ನ ಸೊಸಿ. ಮಗ್ಗಲದಾಕಿ ಅಕಿ ಅತ್ತಿಗಿ, ಮಕ್ಕಳನ್ನ ಕರಕೊಂಡು ಆಳಂದದಿಂದ ಬಂದಾಳ. ದಾರಿ ನೆಟ್ಟಗಾದ ಮ್ಯಾಲ ಹೋಗ್ತಾರ."

"ನಿಮ್ಮವರಾದ್ರ ಹಿಂದ ಯಾಕ ಕುಂತಾರ?"

"ನಮ್ಮಲ್ಲಿ ಹೊಸಬರು ಹಿಂದನ ಕುಂಡ್ರೂದು. ಊರಿಗೆಲ್ಲ ಗೊತ್ತದ. ಬೇಕಾದರ ಶರಣಪ್ಪಗ ಕೇಳು."

ಶರಣಪ್ಪ ಮುಂದೆ ಬಂದ. ಅವನ ಕಣ್ಣು ಚಾಂದಬಿಯ ಬಾಗಿದ ತಲೆಯ ಮೇಲೆ, ಆಮೇಲೆ ಅವಳ ಬರಿಗೈಯ ಮೇಲೆ ಸ್ವಲ್ಪ ಹೊತ್ತು ನಿಂತಿತು. ಅವನ ಹೆಂಡತಿ ಬಸುರಿಯಾದಾಗ ಮಾಡಿದ ಕುಪ್ಪಸದ ಕಾರ್ಯಕ್ಕೆ ಇದೇ ಚಾಂದಬಿ ಓಣಿಯ ಹೆಂಗಸರಿಗೆಲ್ಲ ಬಳೆ ತೊಡಿಸಿದ್ದಳು. ಅವನು ಜೋರಾಗಿ ನಕ್ಕ.

"ನಡೀರೋ ಮಾರಾಯ. ಈ ಮಂದಿ ಹೆಂಗದಾರ ಅಂತ ನಿನಗ ಗೊತ್ತಿಲ್ಲ. ಹೊರಗಿನ ಬೆಕ್ಕು ಸೈತ ಇವರ ಹೊಸ್ತಿಲ ದಾಟಂಗಿಲ್ಲ. ಸ್ವಂತ ಬೀಗರಿಗೆ ಕಟ್ಟಿ ಮ್ಯಾಲ ಊಟ ಹಾಕೂ ಜನ! ಇವರು ಸಾಬರನ್ನ ಒಳಗ ಬಿಡ್ತಾರೇನ್?"

ಗುಂಪಿನಲ್ಲಿ ನಗೆ ಎದ್ದಿತು. ಅವರು ಹೊರಟುಹೋದರು. ಶರಣಪ್ಪನಿಗೆ ಗುರುತು ಸಿಕ್ಕಿತ್ತೋ ಇಲ್ಲವೋ ನನಗೆ ಇಂದಿಗೂ ತಿಳಿಯದು. ಮುಂದೆ ಅವನ ಅಂಗಡಿಗೆ ಹೋದಾಗಲೆಲ್ಲ ಕೇಳಬೇಕೆನಿಸುತ್ತಿತ್ತು, ಧೈರ್ಯ ಬರಲಿಲ್ಲ. ಯಾವ ಬಾಗಿಲು ನನ್ನ ತಂದೆಯನ್ನು ಹೊರಗೆ ಕೂಡಿಸಿತ್ತೋ, ಅದರ ಕೆಟ್ಟ ಹೆಸರೇ ಅಂದು ಮೂವರನ್ನು ಒಳಗೆ ಉಳಿಸಿತು.

ಸಮುವೇಲಪ್ಪನವರು ರೊಟ್ಟಿಯ ಮೇಲೆ ಬಟ್ಟೆ ಸರಿಯಾಗಿ ಮುಚ್ಚಿ, "ಇವತ್ತು ಮೇಜು ಇಲ್ಲ" ಎಂದರು. ಎಲ್ಲರೂ ಎದ್ದು ಹೋದರು. ಹೋಗುವಾಗ ಒಬ್ಬ ಮುದುಕಿ ಮಾತ್ರ ಗುಡ್ಡಿಯ ಕೆನ್ನೆ ಮುಟ್ಟಿ ಹೋದಳು.

ಊರಿನಲ್ಲಿ ಸೈನ್ಯದವರು ಬಂದು ಬೀಡು ಬಿಡುವವರೆಗೆ ಚಾಂದಬಿ, ಮಕ್ಕಳು ನಮ್ಮ ಒಳಕೋಣೆಯಲ್ಲೇ ಇದ್ದರು. ಹೊರಗೆ ನಾಯಿ ಬೊಗಳಿದರೂ ಮೆಹಬೂಬಿ ಓಡಿಹೋಗಿ ಬಿಳಿ ಮುಸುಕು ಹೊದ್ದುಕೊಂಡು ಕೂರುತ್ತಿದ್ದಳು. ಬಳೆಗಳನ್ನು ಅತ್ತೆ ಒಂದು ಡಬ್ಬಿಯಲ್ಲಿ ಹತ್ತಿ ಹಾಸಿ ಇಟ್ಟು, "ನಿನ್ನ ಗಂಡ ಬಂದ ದಿವಸ ಹಾಕ್ಕೋ" ಎಂದರು.

ಮುಂದಿನ ಭಾನುವಾರ ಹಾಡು ಶುರುವಾಗಲಿಲ್ಲ. ಸಮುವೇಲಪ್ಪನವರು ನಿಂತು ಹೇಳಿದರು: "ಸುಂದರಮ್ಮನವರು ಎರಡು ತಪ್ಪು ಮಾಡ್ಯಾರ. ಸಭಾದಾಗ ಬಾಯಿ ತಗದಾರ. ಬಾಯಿ ತಗದು ಸುಳ್ಳು ಹೇಳ್ಯಾರ. ಪಶ್ಚಾತ್ತಾಪ ಆಗೂತನಕ ಅವರಿಗೆ ರೊಟ್ಟಿ ಇಲ್ಲ."

ಅತ್ತೆ ತಲೆಯ ಮುಸುಕು ಸರಿಮಾಡಿಕೊಂಡು ಎದ್ದರು.

"ಬ್ಯಾಸಗಿಯಾಗ ಮೌಲಾಸಾಬನ ಮನ್ಯಾಗ ಉಂಡಿರಲ್ಲ ಅಣ್ಣಾ, ಆವಾಗ ಹೊರಗಿನವರು ಯಾರಿದ್ರು?"

"ಅದು ಆಪತ್ತಿನ ಕಾಲ."

"ಇದೇನು ಸುಗ್ಗಿ ಇತ್ತೇನು?" ಅತ್ತೆಯ ದನಿ ಏರಲಿಲ್ಲ. "ಅಂವಾ ಹೊಸ್ತಿಲ ಮ್ಯಾಲ ನಿಂತು ನಮ್ಮವರ ಅಂದ. ಅದು ಸುಳ್ಳಾಗಿದ್ದರ, ಆ ಸುಳ್ಳಿನ ಮ್ಯಾಲನ ನೀವೂ ನಾನೂ ಇವತ್ತು ಉಸುರಾಡಾಕತ್ತೀವಿ. ಅದು ಖರೇ ಆಗಿದ್ದರ, ನಂದೂ ಖರೇ."

ಸಮುವೇಲಪ್ಪನವರ ಮುಖ ಕಪ್ಪಿಟ್ಟಿತು. ಅವರ ಹೆಂಡತಿ ತಲೆ ತಗ್ಗಿಸಿದರು. ಸಮುವೇಲಪ್ಪನವರು ಪುಸ್ತಕ ಮುಚ್ಚಿ, "ಹೆಂಗಸರು ಸಭಾದಾಗ ಮಾತಾಡಬಾರದು" ಎಂದಷ್ಟೇ ಹೇಳಿದರು.

ಅತ್ತೆ ಆ ಬರಿನೆಲ ದಾಟಿ ಬಂದು ನನ್ನ ಪಕ್ಕದಲ್ಲಿ ನಿಂತರು. "ಸರಿಬೇ ಸ್ವಲ್ಪ. ಇಲ್ಲಿ ಗಾಳಿ ಚಲೋ ಬರ್ತದ" ಎಂದು ಕುಳಿತರು. ಮನೆ ಅವರದು, ಪಡಸಾಲೆ ಅವರದು, ಚಾಪೆಯನ್ನು ಹೆಣಿಸಿ ತಂದವರೂ ಅವರೇ. ಅದರ ಮೇಲೆ ಅವರು ಕುಳಿತದ್ದು ಅದೇ ಮೊದಲು.

ಅಂದಿನಿಂದ ಮೇಜಿನ ರೊಟ್ಟಿ ಸುಡುವ ಕೆಲಸ ಅತ್ತೆಯ ಕೈಯಿಂದ ಸಮುವೇಲಪ್ಪನವರ ಹೆಂಡತಿಗೆ ಹೋಯಿತು. ಆಕೆಯ ರೊಟ್ಟಿ ಮುರಿಯುವಾಗ ಪಟ್ ಎಂದು ಸಪ್ಪಳವಾಗುತ್ತಿತ್ತು. "ಪಾಪ, ಹಲ್ಲಿಲ್ಲದವರು ಏನ್ಮಾಡಬೇಕು" ಎಂದು ಅತ್ತೆ ನನ್ನ ಕಿವಿಯಲ್ಲಿ ಹೇಳಿದರು. ನಗು ತಡೆಯಲು ನಾನು ಮುಸುಕನ್ನು ಬಾಯಿಗೆ ಇಟ್ಟುಕೊಂಡೆ. ಅದೇ ತುದಿಯನ್ನು ಗುಡ್ಡಿ ಜಗಿದಿದ್ದಳು, ನೂಲು ಎದ್ದಿತ್ತು.

ಹೊಳೆ ಇಳಿದ ಮೇಲೆ ನನ್ನ ಮನೆಯವರು ಜೇವರ್ಗಿಯಿಂದ ಬಂದರು. ಎಲ್ಲವನ್ನೂ ಕೇಳಿಸಿಕೊಂಡರು. ಭಾನುವಾರ ಎಂದಿನಂತೆ ಗಂಡಸರ ಸಾಲಿನಲ್ಲಿ ಕುಳಿತರು. ಅವರ ಬೆನ್ನು ನೋಡುತ್ತ ನನಗೆ ದುಃಖ ಉಕ್ಕಿ ಬಂತು. ತಟ್ಟೆ ಅವರ ಕೈಗೆ ಬಂತು. ಅವರು ರೊಟ್ಟಿ ತೆಗೆದುಕೊಳ್ಳದೆ ತಟ್ಟೆಯನ್ನು ಪಕ್ಕದವರಿಗೆ ದಾಟಿಸಿದರು. ಹಿಂದೆ ತಿರುಗಿ ನೋಡಲಿ ಎಂದು ಕಾದೆ. ನೋಡಲಿಲ್ಲ. ಆದರೆ ಅವರ ಕಿವಿಗಳು ಕೆಂಪಾಗಿದ್ದವು.

ಆಮೇಲೆ ಒಂದು ಭಾನುವಾರ ಸಭೆಯಲ್ಲೇ ಸಮುವೇಲಪ್ಪನವರು ನನ್ನನ್ನು ಮುಂದೆ ಕರೆದರು. "ಶಾಂತಮ್ಮ, ನೀ ಸಾಕಷ್ಟು ಕಲ್ತೀದಿ. ನಿಮ್ಮತ್ತಿ ಮಾಡಿದ್ದು ತಪ್ಪು ಅಂತ ಒಪ್ಪಿಕೊಂಡರ ಬರೋ ಭಾನುವಾರದಿಂದ ಜಮಖಾನಿ ಮ್ಯಾಲ ಕುಂಡ್ರಬಹುದು." ನನಗೆ ಆಸೆ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಒಂದು ವರ್ಷದ ಹತ್ತಿರ ಹತ್ತಿರ ಆ ವಾಸನೆಯ ಮುಂದೆ ಕುಳಿತಿದ್ದೆ. ಮಾತಾಡುವಂತಿರಲಿಲ್ಲವಲ್ಲ, ಇಲ್ಲವೆಂದು ತಲೆಯಾಡಿಸಿ ಚಾಪೆಗೆ ಮರಳಿದೆ. ಅತ್ತೆ ನನಗೆ ಜಾಗ ಬಿಟ್ಟೇ ಕುಳಿತಿದ್ದರು.

ಮೌಲಾಸಾಬರು ಬಂದದ್ದು ಚಳಿ ಬಿದ್ದ ಮೇಲೆ. ಗಾಣಗಾಪುರದಲ್ಲಿ ಯಾತ್ರಿಕರಿಗೆ ಕೋಣೆ ಕೊಡುವ ಒಬ್ಬ ಮುದುಕಿ ಅವರನ್ನು ಅಟ್ಟದ ಮೇಲೆ ಇಟ್ಟುಕೊಂಡು ಅನ್ನ ಹಾಕಿದ್ದಳಂತೆ. ಎಲುಬು ಕಾಣುವಷ್ಟು ಸೊರಗಿದ್ದರು. ಅಂದೇ ಮಧ್ಯಾಹ್ನ ಚಾಂದಬಿ ಬಂದು ಡಬ್ಬಿ ಬಿಚ್ಚಿಸಿಕೊಂಡು, ನಮ್ಮ ಅಡುಗೆಮನೆಯಲ್ಲೇ ಕುಳಿತು ತನ್ನ ಬಳೆಗಳನ್ನು ತೊಟ್ಟಳು. ಈಗ ಒಂದು ಬಳೆಯೂ ಹೆಬ್ಬೆರಳ ಬುಡದಲ್ಲಿ ನಿಲ್ಲಲಿಲ್ಲ. ತೊಟ್ಟಾದ ಮೇಲೆ ತನ್ನ ಮಲಾರವನ್ನು ಮುಂದಿಟ್ಟು, "ಖಾಲಾ, ಏನರ ಕೇಳ್ರಿ. ಬ್ಯಾಡ ಅನಬ್ಯಾಡ್ರಿ" ಎಂದಳು.

ಅತ್ತೆ ನನ್ನನ್ನು ಹತ್ತಿರ ಕರೆದರು. ನನ್ನ ಎರಡೂ ಮಣಿಕಟ್ಟು ಹಿಡಿದರು, ನಾನು ಮನೆಗೆ ಬಂದ ದಿನ ಹಿಡಿದ ಹಾಗೆಯೇ.

"ಇಕಿ ಬಳಿ ತಗದಾಕಿ ನಾನು. ಹಾಕೂದೂ ನನ್ನ ಕಣ್ಮುಂದನ ಆಗಲಿ. ಹಸರೂವು ಹಾಕು."

ಚಾಂದಬಿ ನನ್ನ ಕೈ ಹಿಂಡಿ ಅಳತೆ ನೋಡಿ, "ಅಯ್ಯ, ಎಂಥಾ ಮೆತ್ತನ್ನ ಕೈ! ಎಣ್ಣಿನೂ ಬ್ಯಾಡ" ಎಂದು ನಗುತ್ತ ತೊಡಿಸಿದಳು. ಅವಳ ಕಣ್ಣಿನಿಂದ ನೀರು ನನ್ನ ಅಂಗೈ ಮೇಲೆ ಬಿತ್ತು.

ಆ ಭಾನುವಾರ ಪ್ರಾರ್ಥನೆಗೆ ಕೈಮುಗಿದಾಗ ನನ್ನ ಬಳೆಗಳು ಕಿಣ್ ಎಂದವು. ಸಮುವೇಲಪ್ಪನವರ ಪ್ರಾರ್ಥನೆ ಒಂದು ಕ್ಷಣ ನಿಂತಿತು. ನನಗೆ ಹೊಸ್ತಿಲಲ್ಲಿ ಮತ್ತೆ ಆ ಲಾಠಿಯವರೇ ಬಂದು ನಿಂತಂತಾಯಿತು. ಕಣ್ಣು ತೆರೆದು ನೋಡಿದೆ. ಅತ್ತೆ ಕಣ್ಣು ಮುಚ್ಚಿಕೊಂಡೇ ನಗುತ್ತಿದ್ದರು.

ಅತ್ತೆ ತೀರಿಕೊಂಡು ಬಹಳ ವರ್ಷಗಳಾದವು. ಕೊನೆಯವರೆಗೂ ಅವರು ಪಶ್ಚಾತ್ತಾಪ ಪಡಲಿಲ್ಲ, ಕೊನೆಯವರೆಗೂ ಅವರಿಗೆ ಆ ರೊಟ್ಟಿ ಸಿಗಲಿಲ್ಲ. ದೇವರು ಯಾರ ಕಡೆಗಿದ್ದಾನೆ ಎಂದು ಮಾತು ಬಂದಾಗಲೆಲ್ಲ ನನಗೆ ಆ ಒಂದು ಮೊಳ ಬರಿನೆಲ ನೆನಪಾಗುತ್ತದೆ, ಅದನ್ನು ಎದ್ದು ದಾಟಿದ ಅತ್ತೆಯ ಸಣ್ಣ ಪಾದಗಳು ನೆನಪಾಗುತ್ತವೆ. ಈಗಲೂ ಪಾತ್ರೆ ತೊಳೆಯುವಾಗ ಕೈಬಳೆ ಸದ್ದು ಮಾಡಿದರೆ ಮೊದಲು ಎದೆ ಝಲ್ಲೆನ್ನುತ್ತದೆ. ಆಮೇಲೆ, ಯಾರೋ ಪಕ್ಕದಲ್ಲಿ ಬಂದು ಕುಳಿತು "ಸರಿಬೇ ಸ್ವಲ್ಪ" ಎಂದಂತೆ ಆಗಿ, ಸಮಾಧಾನವಾಗುತ್ತದೆ.